ಹನ್ನೆರಡು ದಿನದ ಕೂಸು ಮತ್ತು ಗುರುವಾರದ ಪಟ್ಟಿ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನನ್ನ ಮಗಳ ಕೂಸಿಗೆ ಇವತ್ತಿಗೆ ಹನ್ನೆರಡು ದಿನ. ಹೆಸರು ಜಿಹಾಂಗಿರ್, ಸದ್ಯಕ್ಕೆ ಹೆಸರೇ ಅವನಿಗಿಂತ ಉದ್ದವಿದೆ. ಬರುವ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಸುನ್ನತಿ ಎಂದು ತಮ್ಮ ಆಸ್ಪತ್ರೆಯ ಪಟ್ಟಿಯಲ್ಲಿದೆ. ಹೆರಿಗೆಯ ಕಾಗದಗಳ ನಡುವೆ ನನ್ನ ಅಳಿಯ ಎಲ್ಲೋ ಸಹಿ ಹಾಕಿದ್ದಾನಂತೆ. ವಿಚಾರಿಸಲು ಹೋದರೆ ಗೋಡೆಯ ಮೇಲಿನ ತಮ್ಮ ಪ್ರಕಟಣೆ ತೋರಿಸಿದರು: "ಶಿಶುವಿಗೆ ನೆನಪಿರುವುದಿಲ್ಲ. ಆದ್ದರಿಂದ ಮನಸ್ಸಿನ ಮೇಲೆ ಯಾವ ಪರಿಣಾಮವೂ ಇಲ್ಲ." ಎರಡನೆಯ ವಾಕ್ಯದ ಬಗ್ಗೆ ನನ್ನ ತಕರಾರು. ಆ ಪರಿಣಾಮ ನಾನೇ. ಐವತ್ತೆಂಟು ವರ್ಷದಿಂದ ಇದೇ ಊರಿನಲ್ಲಿ ಓಡಾಡಿಕೊಂಡಿದ್ದೇನೆ.

ನಮ್ಮ ತುರ್ಕಿಯ ಗಂಡುಮಕ್ಕಳಿಗೆ ಆರೋ ಏಳೋ ವರ್ಷಕ್ಕೆ ಸುನ್ನತಿ. ರಾಜಕುಮಾರನ ವೇಷ, ಕಿರೀಟ, ಕುದುರೆ, ಕೊನೆಗೆ ಸ್ಯಾಟಿನ್ ರಜಾಯಿ ಹೊದಿಸಿದ ಮಂಚ. ನನಗೆ ಇದಾವುದೂ ಆಗಲಿಲ್ಲ. ಅಪ್ಪ ಜರ್ಮನಿಯ ಕಾರ್ಖಾನೆಗೆ ಹೊರಟಿದ್ದ. ಹೋಗುವ ಮೊದಲು ಇದೊಂದು ಮುಗಿಯಲಿ ಎಂದು ಒಂಬತ್ತನೆಯ ದಿನವೇ ಮಾಡಿಸಿಬಿಟ್ಟ. ಮೂರು ದಿನ ನಾನು ಹಾಲು ಮುಟ್ಟಲಿಲ್ಲವೆಂದು ಅಮ್ಮ ಹೇಳುತ್ತಿದ್ದಳು. ಚಹಾದಂಗಡಿಯಲ್ಲಿ ನನ್ನ ಗೆಳೆಯ ಬೆದ್ರಿ ಇವತ್ತಿಗೂ ಬಿಡುವುದಿಲ್ಲ.

"ನಮಗೆಲ್ಲ ಕುದುರೆ, ಕೈಗಡಿಯಾರ. ನಿಂಗೇನಯ್ಯ ಸಿಕ್ತು?"

"ಹಾಲು."

"ಅದನ್ನೂ ಕುಡೀಲಿಲ್ಲವಂತಲ್ಲೋ!"

ಅದು ಹೋಗಲಿ. ಕತ್ತರಿಯ ಸದ್ದು ಕಿವಿಗೆ ಬಿದ್ದರೆ ಸಾಕು, ಕಣ್ಣು ಕತ್ತಲಿಟ್ಟು ಬಿದ್ದುಬಿಡುತ್ತೇನೆ. ನನ್ನ ಕಸುಬೋ, ಸುನ್ನತಿ ಮಂಚದ ರಜಾಯಿ ಹೊಲಿಯುವುದು! ಬಟ್ಟೆಯನ್ನೆಲ್ಲ ಹೆಂಡತಿ ನಜ್ಮಿಯೆ ಒಳಕೋಣೆಯಲ್ಲಿ ಕತ್ತರಿಸುತ್ತಾಳೆ, ನನಗೆ ಕೇಳಿಸದಿರಲೆಂದು ಗಟ್ಟಿಯಾಗಿ ಹಾಡುತ್ತಾಳೆ. ಅವಳ ಹಾಡಿಗೆ ಪಕ್ಕದ ಮನೆಯವರು ಊರು ಬಿಟ್ಟಿದ್ದಾರೆ. ಹೊಸ ಸೇತುವೆಯ ಉದ್ಘಾಟನೆಯಲ್ಲಿ ರಿಬ್ಬನ್ ಕತ್ತರಿಸಿದಾಗ ಸೇತುವೆಗಿಂತ ಮೊದಲು ಬಿದ್ದವನು ನಾನು. ಕ್ಷೌರದ ಕತ್ತಿಗೆ ಹೆದರಿಕೆಯಿಲ್ಲ, ಅದಕ್ಕೇ ನನ್ನ ತಲೆ ಸದಾ ಬೋಳು. ಕತ್ತಿ ಆಗುತ್ತದೆ, ಕತ್ತರಿ ಏಕಾಗದು ಎಂದು ನನ್ನನ್ನು ಕೇಳಬೇಡಿ.

ಮೊನ್ನೆ ಇದನ್ನೆಲ್ಲ ಹೇಳಲು ತಮ್ಮ ಕಚೇರಿಯ ಮನೋವೈದ್ಯರ ಬಳಿ ಹೋಗಿದ್ದೆ.

"ಆ ದಿನ ನೆನಪಿದ್ಯಾ, ಉಸ್ತಾದ್?"

"ಇಲ್ಲ ಮೇಡಂ."

"ಹಾಗಾದ್ರೆ ನಿಮಗೇನೂ ಆಗಿಲ್ಲ."

"ನಾನು ಹುಟ್ಟಿದ್ದೂ ನೆನಪಿಲ್ಲ ಮೇಡಂ. ಅದೂ ಆಗಿಲ್ವಾ?"

"ಅದಕ್ಕೆ ಬೇರೆ ಇಲಾಖೆ ಇದೆ."

ಹೀಗೆಂದು ರಸೀದಿಯ ಅಂಚನ್ನು ಕತ್ತರಿಸಿದರು. ನಾನು ಕುರ್ಚಿಯಿಂದ ಕೆಳಗೆ. ಎಚ್ಚರವಾದಾಗ ಕೈಯಲ್ಲಿ ವರದಿಯಿತ್ತು: "ಅರ್ಜಿದಾರರು ಆರೋಗ್ಯವಾಗಿದ್ದಾರೆ. ಕುರ್ಚಿಯಲ್ಲಿ ದೋಷ ಕಂಡುಬಂದಿದೆ." ಕುರ್ಚಿಯನ್ನು ಎರಡು ವಾರ ಪರೀಕ್ಷೆಯಲ್ಲಿ ಇಟ್ಟಿದ್ದಾರಂತೆ. ಸಂತೋಷ. ಅದಕ್ಕಾದರೂ ನೆನಪಿದೆಯೇ ಎಂದು ಯಾರೂ ಕೇಳಲಿಲ್ಲವಲ್ಲ!

ನನ್ನ ಬೀಳುರೋಗಕ್ಕೆ ಆ ಒಂಬತ್ತನೆಯ ದಿನವೇ ಕಾರಣವೆಂದು ಆಣೆ ಮಾಡಿ ಹೇಳಲಾರೆ. ಇರಬಹುದು, ಇಲ್ಲದಿರಬಹುದು. ಆದರೆ ಇಲ್ಲವೇ ಇಲ್ಲವೆಂದು ಗೋಡೆಗೆ ಅಂಟಿಸಿದ ತಾವು ಯಾವ ಕೂಸನ್ನು ಕೇಳಿ ಬರೆದಿರಿ? ತಾವು ನಿದ್ದೆಯಲ್ಲಿದ್ದಾಗ ಯಾರಾದರೂ ಮೀಸೆ ಬೋಳಿಸಿ, ನೆನಪಿಲ್ಲವಲ್ಲ, ಸುಮ್ಮನಿರಿ ಎಂದರೆ ಒಪ್ಪುತ್ತೀರಾ?

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಏಳು ವರ್ಷದ ತೂಫಾನ್ ಸುನ್ನತಿಯ ದಿನ ಕಿರೀಟದ ಸಮೇತ ಹಿಪ್ಪುನೇರಳೆ ಮರ ಹತ್ತಿ ಕೂತ. ಓಣಿಯೆಲ್ಲ ಕೆಳಗೆ ನೆರೆಯಿತು.

"ಇಳಿಯೋ ನನ್ನ ಬಂಗಾರ, ಸೈಕಲ್ ಕೊಡಿಸ್ತೀನಿ," ಎಂದಳು ಅವನಜ್ಜಿ.

"ನೋವಾಗತ್ತಾ?"

"ಇಲ್ಲ ಕಂದ."

"ಸುಳ್ಳಿ!"

"ಸರಿ, ಆಗತ್ತೆ. ಚೂರು."

"ಎಷ್ಟು ಚೂರು?"

ಸುನ್ನತಿ ಮಾಡುವ ಮುದುಕ ಚೀಲ ಕೆಳಗಿಟ್ಟು ತಲೆಯೆತ್ತಿದ. "ಜೇನು ಕಚ್ಚಿದಷ್ಟು, ಮಗನೇ. ಇವತ್ತು ಬೇಡಾಂದ್ರೆ ಹೇಳು, ಮುಂದಿನ ವರ್ಷ ಬರ್ತೀನಿ."

ಹುಡುಗ ಹಣ್ಣು ತಿನ್ನುತ್ತ ಯೋಚಿಸಿದ. "ಸೈಕಲ್ ಕೆಂಪಗಿರ್ಬೇಕು," ಎಂದು ಇಳಿದು ಬಂದ. ಅತ್ತ, ನಿಜ. ಆದರೆ ಈಗ ಕೇಳಿದವರಿಗೆಲ್ಲ ತಾನೇ ಕಥೆ ಹೇಳುತ್ತಾನೆ. ಏಕೆಂದರೆ ಅದು ಅವನ ಕಥೆ. ನನ್ನದನ್ನು ನಾನು ಅಮ್ಮನ ಬಾಯಿಂದ ಕೇಳಬೇಕಾಯಿತು.

ಸುನ್ನತಿ ಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಬಿಟ್ಟವರಲ್ಲ. ಗೋಡೆಯ ಮೇಲಿನ ಎರಡನೆಯ ವಾಕ್ಯ ಅಳಿಸಿ "ನಮಗೆ ಗೊತ್ತಿಲ್ಲ" ಎಂದು ಬರೆಯಿರಿ. ಸರ್ಕಾರ ಅಷ್ಟು ಬರೆದರೆ ಯಾರೂ ನಗುವುದಿಲ್ಲ. ಮತ್ತು ಗುರುವಾರದ ಪಟ್ಟಿಯಿಂದ ಜಿಹಾಂಗಿರನ ಹೆಸರು ತೆಗೆಯಿರಿ. ಅವನ ಕತ್ತೇ ಇನ್ನೂ ನಿಂತಿಲ್ಲ. ಬೇಡವೆನ್ನಲು ಮಾತಿಲ್ಲ, ತಪ್ಪಿಸಿಕೊಳ್ಳಲು ಕಾಲಿಲ್ಲ. ಕಾಲು ಬರುವವರೆಗಾದರೂ ಕಾಯಿರಿ. ಆಮೇಲೆ ಅವನು ಓಡಲಿ, ನಾವೂ ಅಟ್ಟಿಸಿಕೊಂಡು ಹೋಗುತ್ತೇವೆ. ಸಿಕ್ಕರೆ ತಮ್ಮನ್ನೂ ಊಟಕ್ಕೆ ಕರೆಯುತ್ತೇವೆ.

ಇಂತಿ,
ಒಂಬತ್ತನೆಯ ದಿನ ಓಡಲಾಗದೆ ಸಿಕ್ಕಿಬಿದ್ದ
ರಿಫ್ಕಿ, ರಜಾಯಿ ಹೊಲಿಯುವವನು