ಮದುವೆಯ ಮುಯ್ಯಿಯಲ್ಲಿ ಮುಗಿದ ಆಪರೇಷನ್

ಆರೋಗ್ಯ ಕಾರ್ಡಿನ ಮೇಲಧಿಕಾರಿಗಳೇ,

ಚಿಕಿತ್ಸೆಯ ಖರ್ಚನ್ನು ಸರ್ಕಾರವೊಂದೇ ಹೊರಲಾಗದು, ಕುಟುಂಬವೂ ಪಾಲು ಕೊಡಬೇಕು ಎಂದು ಕೊಳ್ಳೇಗಾಲದ ಸಭೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ. ನಾವು ಚಪ್ಪಾಳೆಯನ್ನೂ ತಟ್ಟಿದೆವು. ನಮ್ಮ ಕುಟುಂಬ ತನ್ನ ಪಾಲು ಕೊಟ್ಟಾಗಿದೆ. ವಿವರ ಬೇಡವೇ?

ನನ್ನ ಅಕ್ಕ ಚನ್ನಾಜಮ್ಮ ಮಾಂಬಳ್ಳಿಯವಳು, ಗಂಡನಿಲ್ಲದವಳು. ಹೃದಯದ ಕವಾಟ ಕೆಟ್ಟು ಮೈಸೂರಿನ ಖಾಸಗಿ ಆಸ್ಪತ್ರೆ ಸೇರಿದಳು. ತಮ್ಮ ಕಚೇರಿ ಅವಳ ಕಾರ್ಡನ್ನು ತಿರುಗಿಸಿ ನೋಡಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲ ಎಂದಿತು. ಪತ್ರ ಕೊಡಬೇಕಾದ ಡಾಕ್ಟರು ರಜೆಯಲ್ಲಿದ್ದರು. ಪಾಪ, ಕವಾಟಕ್ಕೆ ರಜೆಯ ನಿಯಮ ಗೊತ್ತಿರಲಿಲ್ಲ. ಮೂರು ಲಕ್ಷ ಕಟ್ಟಿದರೆ ಆಪರೇಷನ್ ಎಂದರು ಆಸ್ಪತ್ರೆಯವರು.

ಅಷ್ಟು ಹಣ ಒಟ್ಟಿಗೆ ನಮ್ಮಂಥವರ ಮನೆಗೆ ಬರುವುದು ಒಂದೇ ದಾರಿಯಲ್ಲಿ. ಮದುವೆಯಲ್ಲಿ ನೆಂಟರಿಷ್ಟರು ಮುಯ್ಯಿ ಹಾಕುತ್ತಾರೆ; ಅವರ ಮನೆಯ ಮದುವೆಯಲ್ಲಿ ನಾವು ತೀರಿಸುತ್ತೇವೆ. ಅಕ್ಕ ಇಪ್ಪತ್ತು ವರ್ಷ ಹಾಕಿದ್ದ ಮುಯ್ಯಿ ಊರಿನ ಮೇಲೆ ಬಾಕಿಯಿತ್ತು. ಆದರೆ ರೋಗಿಗೆ ಯಾರೂ ಮುಯ್ಯಿ ಹಾಕುವುದಿಲ್ಲ, ಮದುಮಗಳಿಗೆ ಹಾಕುತ್ತಾರೆ. ಆದ್ದರಿಂದ ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅವಳ ಮಗಳು ಭವ್ಯಶ್ರೀಯನ್ನು ಎಂಟೇ ದಿನದಲ್ಲಿ ಧಾರೆ ಎರೆದೆವು. ಓದು ಮುಗಿಯಲಿ ಎಂದು ಅಕ್ಕ ಎರಡು ಸಲ ವಾಪಸು ಕಳಿಸಿದ್ದ ಹನೂರಿನ ಗಂಡೇ ಆಗಬೇಕಾಯಿತು. ಸೋದರಮಾವನಾಗಿ ನಾನೇ ಮುಂದೆ ನಿಂತು ನಡೆಸಿದೆ. ನನ್ನಂಥ ಹೇಡಿ ತಮ್ಮ ಕಚೇರಿಯಲ್ಲೂ ಸಿಗಲಾರ.

ಕೊರಳಿಗೆ ತಾಳಿ ಬಿದ್ದ ಮೇಲೆ ಹುಡುಗಿ ನನ್ನನ್ನು ಹತ್ತಿರ ಕರೆದಳು.

"ಮಾವ, ಮುಯ್ಯಿ ಎಷ್ಟಾಯ್ತು? ಅವ್ವುನ್ ಆಪ್ರೇಸನ್‌ಗೆ ಸಾಲ್ತದಾ?"

"ಸಾಲ್ತದೆ ಕಣವ್ವ."

"ಅಂಗಾರೆ ಬೇಗ ಓಗಿ ಕಟ್ಬುಡಿ."

ಕಟ್ಟಿದೆ. ಈಗ ಹೇಳಿ, ಖರ್ಚು ಯಾರು ಕೊಡಬೇಕೆಂಬ ತಮ್ಮ ಚರ್ಚೆ ಮುಗಿಯಿತೇ? ಸೋಪು, ಪೇಸ್ಟಿಗೆಲ್ಲ ನಾವು ಜೀವಮಾನವಿಡೀ ಕಟ್ಟಿದ ತೆರಿಗೆ ಪಾಲಲ್ಲವೇ? ಹತ್ತೊಂಬತ್ತು ವರ್ಷದ ಹುಡುಗಿಯ ಓದನ್ನೂ ಸೇರಿಸಿಕೊಂಡ ಮೇಲೆ ಸರ್ಕಾರದ ಹೊರೆ ಇಳಿಯಿತೇ? ಇಳಿದಿದ್ದರೆ ಸಂತೋಷ. ಹಳ್ಳಿಗಳಲ್ಲಿ ಇನ್ನೂ ಹುಡುಗಿಯರಿದ್ದಾರೆ.

ಅಕ್ಕ ಬದುಕಿಕೊಂಡಳು. ಮದುವೆಯ ಸುದ್ದಿ ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಯಿಂದ ದಿನಾ ಫೋನಿನಲ್ಲಿ ಕೇಳುತ್ತಾಳೆ: "ಭವ್ಯ ಪರೀಕ್ಸೆಗೆ ಓದ್ಕತಾವ್ಳೇನ್ಲಾ? ನನ್ನ ನೋಡಕ್ ಬರದ್ ಬ್ಯಾಡ, ಓದ್ಕಳ್ಳಿ."

ಶಿಫಾರಸು ಪತ್ರದ ಆ ನಿಯಮವನ್ನು ಕಿತ್ತುಹಾಕಿ, ಬಡವರ ಆಪರೇಷನ್ನಿನ ಪೂರ್ತಿ ಖರ್ಚನ್ನು ಸರ್ಕಾರವೇ ಹೊರಬೇಕು. ಇದು ನನ್ನ ಬೇಡಿಕೆ. ಇನ್ನೊಂದೂ ಇದೆ. ಸೋಮವಾರ ಅಕ್ಕನನ್ನು ಮನೆಗೆ ಕರೆತರುತ್ತೇವೆ. ತಾವು ಮಾಂಬಳ್ಳಿಗೆ ಬಂದು, ಅವಳ ಮಗಳು ಎಲ್ಲಿದ್ದಾಳೆಂದು ತಾವೇ ತಿಳಿಸಬೇಕು. ನಮ್ಮ ಮನೆಯಲ್ಲಿ ಯಾರಿಗೂ ಬಾಯಿ ಬರುತ್ತಿಲ್ಲ.

ಇಂತಿ,
ಅಕ್ಕನ ಮುಂದೆ ತಲೆಯೆತ್ತಲಾರದ
ಶಾಂತಮೂರ್ತಿ, ಮಾಂಬಳ್ಳಿ