ತೊಳೆದ ಮೇಲೂ ಉಳಿದ ನೀಲಿ

ಜಿಗಣಿ
19 ಜನವರಿ 2025

ಪ್ರೀತಿಯ ಹೊಳೆವ್ವಕ್ಕನಿಗೆ,

ನಿಮ್ಮ ಸಿಟ್ಟು ಇಳಿದಿದೆಯೋ ಇಲ್ಲವೋ ತಿಳಿಯದೆಯೇ ಬರೆಯುತ್ತಿದ್ದೇನೆ. ನಿಮಗೆ ಕೋಣೆ ಬಾಡಿಗೆಗೆ ಕೊಟ್ಟ ಆವಲಪ್ಪನವರನ್ನು ಕೇಳಿದರೆ, "ಆಯಮ್ಮ ಊರಿಗೋಯ್ತು ಮೇಡಂ, ಸೂಜಿ ಡಬ್ಬಾನೂ ತಗಂಡೋಯ್ತು" ಅಂದರು. ಡಬ್ಬವನ್ನೂ ಒಯ್ದಿದ್ದೀರಿ ಎಂದರೆ ಮರಳುವ ಮನಸ್ಸಿಲ್ಲವೇನೋ ಎಂದು ಹೆದರಿದೆ. ನಿಮ್ಮೂರಿನ ವಿಳಾಸ ಕೊಟ್ಟವರೂ ಅವರೇ.

ಮೊನ್ನೆ ಕನಸಿನಲ್ಲಿ ನಮ್ಮ ಕೆರೆ ನಿಮ್ಮ ಕೌದಿ ಹೊದ್ದು ಮಲಗಿತ್ತು. ನೊರೆ ಇರಲಿಲ್ಲ, ವಾಸನೆ ಇರಲಿಲ್ಲ. ನೀವು ದಂಡೆಯಲ್ಲಿ ಕೂತು ಅಂಚು ಹೊಲಿಯುತ್ತಿದ್ದಿರಿ, ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಕೊಕ್ಕರೆಯೊಂದು ಕೌದಿಯ ಮೇಲೆ ನಡೆದು ಹೋಯಿತು, ಕಾಲು ಒದ್ದೆಯಾಗಲೇ ಇಲ್ಲ. ಎದ್ದ ಮೇಲೂ ಬೆರಳಲ್ಲಿ ದಾರವಿದೆ ಅನ್ನಿಸುತ್ತಿತ್ತು.

ಒಂದು ವರ್ಷ ನಾವಿಬ್ಬರೂ ಎಂಥ ಚಂದದ ಹುಚ್ಚು ಮಾಡಿದೆವು. ಕೆರೆಯ ನಾಲ್ಕು ದಿಕ್ಕಿಗೆ ನಾಲ್ಕು ಗೂಟ, ತಿಂಗಳಿಗೊಮ್ಮೆ ಒಂದೊಂದಕ್ಕೂ ಹೊಸ ಬಿಳಿ ಬಟ್ಟೆಯ ಪಟ್ಟಿ. ನೀರು ಬಳಿದ ಬಣ್ಣವನ್ನು ನಾನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು, ಆಮೇಲೆ ನೀವು ಕೌದಿ ಹೊಲಿಯಬೇಕು. ನನ್ನ ಅಂಕಿಗಳಿಗೆ ಆಕಳಿಸುವ ಕೆರೆ ಸಮಿತಿಯವರು ನಿಮ್ಮ ಕೌದಿಯನ್ನಾದರೂ ನೋಡಲಿ ಎಂಬ ಆಸೆ.

ಪರೀಕ್ಷೆಗೆ ಮೊದಲೇ ನೀವು ನಲವತ್ತೆಂಟು ಪಟ್ಟಿಗಳನ್ನೂ ಸೋಪು ಹಾಕಿ ತೊಳೆದು ಹಗ್ಗಕ್ಕೆ ಹಾಕಿದ್ದಿರಿ. "ತೊಳೀಲಾರದ ಅರಿವಿ ಕೌದಿಗೆ ಯಾರ ಹಚ್ತಾರ್ರಿ?" ಎಂದು ಕೇಳಿದಿರಿ. ನಿಮ್ಮ ಅವ್ವ ಕಲಿಸಿದ ಕ್ರಮ ಅದು. ನಾನು ಮೊದಲೇ ಕೇಳಿ ತಿಳಿದುಕೊಳ್ಳಬೇಕಿತ್ತು. ಬದಲಿಗೆ, "ನಿಮಗೆ ಇದೆಲ್ಲ ಏನು ಗೊತ್ತಾಗುತ್ತೆ" ಅಂದುಬಿಟ್ಟೆ. ಆ ಮಾತು ನೆನೆದರೆ ನಾಚಿಕೆಯಾಗುತ್ತದೆ, ಅಕ್ಕಾ.

ನೀವು ಹೋದ ಮೇಲೆ ಪಟ್ಟಿಗಳನ್ನು ನೆಲಕ್ಕೆ ಹಾಸಿಕೊಂಡು ಕೂತೆ. ನನ್ನ ಪೆನ್ನಿನ ಗುರುತು ಅಳಿಸಿತ್ತು. ದಿಕ್ಕಿಗೊಂದು ಬಣ್ಣದ ದಾರದಲ್ಲಿ ನೀವು ಮೂಲೆಗೆ ಹಾಕಿದ್ದ ಗಂಟು ಉಳಿದಿತ್ತು. ಮೂರು ದಿಕ್ಕಿನವು ಬೆಳ್ಳಗಾಗಿದ್ದವು. ಪೂರ್ವದ ಮೋರಿ ಬಳಿಯ ಹನ್ನೆರಡು ಮಾತ್ರ ಮಾಸಲು ನೀಲಿ. ಕೆಸರು, ಪಾಚಿ ಸೋಪಿಗೆ ಹೋಗಿದ್ದವು, ಮೋರಿಯಲ್ಲಿ ಹರಿದು ಬರುವ ಕಾರ್ಖಾನೆಯ ಬಣ್ಣ ಜಪ್ಪಯ್ಯ ಅಂದಿರಲಿಲ್ಲ. ಪರೀಕ್ಷೆಯಲ್ಲೂ ಅದೇ ಖಚಿತವಾಯಿತು. ತೊಳೆಯದಿದ್ದರೆ ನಾಲ್ಕೂ ದಿಕ್ಕು ಒಂದೇ ಕೆಸರಾಗಿ ಕಾಣುತ್ತಿತ್ತು.

ಸಮಿತಿಯವರು ಈ ಸಲ ಆಕಳಿಸಲಿಲ್ಲ. ಮೋರಿಯ ಮೂಲ ಹುಡುಕಿಸುತ್ತಾರಂತೆ. ಶಿವರಾತ್ರಿಯ ನಂತರದ ಭಾನುವಾರ ದಂಡೆಯಲ್ಲಿ ಎಲ್ಲರೆದುರು ಕೌದಿ ಹರಡಬೇಕು. ನನ್ನ ಹೊಲಿಗೆ ನೀವು ನೋಡಿದ್ದೀರಲ್ಲ, ಕೆರೆಯೇ ನಕ್ಕೀತು. ಡಬ್ಬದ ಸಮೇತ ಬನ್ನಿ.

ನಿಮ್ಮ ದಾರಿ ನೋಡುತ್ತಿರುವ,
ಕೃಪಾ

ತಾ.ಕ.: ತೊಳೆದು ನೋಡುವ ಉಪಾಯ ಯಾರದು ಎಂದು ಸಮಿತಿಯವರು ಕೇಳಿದರು. ನನ್ನದು ಅಂದೆ. ಅವರು ಚಪ್ಪಾಳೆ ತಟ್ಟಿದರು, ನಾನು ನಗುತ್ತ ನಿಂತಿದ್ದೆ. ಆ ಭಾನುವಾರ ಅದೇ ಜನರೆದುರು ನಿಜ ಹೇಳುತ್ತೇನೆ. ನೀವು ಬಾರದಿದ್ದರೂ ಹೇಳುತ್ತೇನೆ.