ಏಳು ದಿನ ಇಳಿಯದವನು

ಶಿಡ್ಲಘಟ್ಟ
12 ನವೆಂಬರ್ 1995

ಪ್ರೀತಿಯ ತಮ್ಮ ರಾಮಾಂಜಿಗೆ,

ನಿನ್ನ ಅಕ್ಕ ವರಲಕ್ಷ್ಮಮ್ಮ ಬರೆಯುವುದು. ಮಲೇರಿಯಾ ಪೂರ್ತಿ ಬಿಟ್ಟಿತೇನಪ್ಪ? ಅಮ್ಮನ ಸೊಸೆ ಅಟಿಯೆನೊ ಹೇಗಿದ್ದಾಳೆ, ಮಗುವಿಗೆ ಹಲ್ಲು ಬಂತೇ? ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನಿಗೆ ಮಂಡಿನೋವು ಇದ್ದೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಮೊದಲು ಖರ್ಚಿನ ವಿಚಾರ. ನಿನ್ನ ಸೈಕಲ್ ಹುಚ್ಚಿಗೆ ಈ ಮನೆ ತೆತ್ತದ್ದನ್ನು ನಾನು ಮರೆತಿಲ್ಲ. ಹೊಸ ಸೈಕಲ್ಲಿಗಾಗಿ ಮಾರಿದ ಸೀಮೆಹಸು ಒಂದು, ನಿನ್ನ ಮುಂದಿನ ಹಲ್ಲು ಎರಡು, ಪಾಸ್‌ಪೋರ್ಟಿಗೆಂದು ಬಿಚ್ಚಿಕೊಟ್ಟ ನನ್ನ ಬೆಳ್ಳಿ ಕಾಲ್ಚೈನು ಒಂದು ಜೊತೆ, ಮಂಡಿಕಲ್ಲು ಊರಿನಲ್ಲಿ ಗೊತ್ತಾಗಿದ್ದ ಸಂಬಂಧ ಒಂದು. "ಬಣ್ಣದ ಅಂಗಿ ಹಾಕ್ಕೊಂಡು ಮೈದಾನದಾಗೆ ಗಿರಗಿರ ತಿರುಗೋನಿಗೆ ನಮ್ಮ ಹುಡುಗೀನ ಕೊಡಲ್ಲ ಕಣಮ್ಮ" ಎಂದು ಅವರು ತಾಂಬೂಲ ವಾಪಸು ಕಳಿಸಿದ್ದರು. ಹಸು ಮಾರಿಸಿದೆನೆಂದು ಅಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಅದನ್ನು ಖರ್ಚಿಗೆ ಹಾಕಲೋ ಲಾಭಕ್ಕೆ ಹಾಕಲೋ ತಿಳಿಯದೆ ಹಾಗೇ ಬಿಟ್ಟಿದ್ದೇನೆ.

ಹತ್ತೊಂಬತ್ತರ ವಯಸ್ಸಿನಲ್ಲಿ ನೀನು ದಿಬ್ಬೂರಹಳ್ಳಿಯಿಂದ ಇಲ್ಲಿನ ಮಾರುಕಟ್ಟೆಗೆ ಸೈಕಲ್ಲಿನಲ್ಲಿ ರೇಷ್ಮೆಗೂಡು ತರುತ್ತಿದ್ದೆ. ಮೂಟೆಯನ್ನು ಯಾರಿಗೂ ನಂಬಿ ಒಪ್ಪಿಸದ ರೈತ, ಅದನ್ನು ತಬ್ಬಿಕೊಂಡು ತಾನೂ ಕ್ಯಾರಿಯರ್ ಮೇಲೆ ಕೂರುತ್ತಿದ್ದ. ವಾರಕ್ಕೊಂದು ಕ್ಯಾರಿಯರ್ ಮುರಿಯುತ್ತಿತ್ತು. ಕೊನೆಗೆ ನೀನು ಸೈಕಲ್ ಷಾಪಿನ ಕೋನಪ್ಪನ ಹತ್ತಿರ ಹಿಂದಿನ ಚಕ್ರದ ಅಚ್ಚಿನವರೆಗೆ ಎರಡು ಕಬ್ಬಿಣದ ಸರಳು ವೆಲ್ಡಿಂಗ್ ಮಾಡಿಸಿಕೊಂಡು, ಮೇಲೆ ಗೋಣಿಚೀಲದ ಮೆತ್ತೆ ಹೊಲಿಸಿದೆ. "ಇದೇನೋ, ಸೈಕಲ್ಲೋ ಮಂಚಾನೋ?" ಎಂದು ಊರೆಲ್ಲ ನಕ್ಕಿತು. ನಾನು ನಗಲಿಲ್ಲ. ಒಂದೇ ಚರಕ ಇಟ್ಟುಕೊಂಡು ಗೂಡಿನಿಂದ ನೂಲು ಬಿಚ್ಚುತ್ತಿದ್ದ ಕಾಲ ಅದು; ಮುರಿಯದ ಸಾಮಾನಿನ ಬೆಲೆ ನನಗೆ ಗೊತ್ತಿತ್ತು.

ಆಮೇಲೆ ಬಂತಲ್ಲ ಎಂಬತ್ತನಾಲ್ಕರ ಬೇಸಿಗೆ. ಬಸ್ ಸ್ಟ್ಯಾಂಡ್ ಹಿಂದಿನ ಮೈದಾನದಲ್ಲಿ ಏಳು ದಿನ ಹಗಲೂ ರಾತ್ರಿ ಇಳಿಯದೆ ಸೈಕಲ್ ತುಳಿಯುತ್ತೇನೆಂದು ಮೈಕಿನಲ್ಲಿ ಕೂಗಿಸಿಬಿಟ್ಟೆ. ನಿಯಮ ಒಂದೇ: ಕಾಲು ನೆಲಕ್ಕೆ ತಾಗಿದರೆ ಆಟ ಮುಗಿಯಿತು, ಅಂಗಿಗೆ ಜನ ಪಿನ್ನಿನಲ್ಲಿ ಚುಚ್ಚಿದ ನೋಟೆಲ್ಲ ವಾಪಸು. ಕಾಲು ನೋಡುವುದಕ್ಕೆ ಡ್ರಿಲ್ ಮೇಷ್ಟ್ರು ವೆಂಕಟರವಣಪ್ಪ ಕೊರಳಿಗೆ ಸೀಟಿ ಹಾಕಿಕೊಂಡು ಕೂತರು. ನೀನು ತುಳಿಯುತ್ತಲೇ ಸ್ನಾನ ಮಾಡಿದೆ, ತುಳಿಯುತ್ತಲೇ ಮುದ್ದೆ ನುಂಗಿದೆ. ಕ್ಷೌರದವನು ಕತ್ತಿ ಹಿಡಿದು ನಿನ್ನ ಪಕ್ಕದಲ್ಲೇ ಓಡುತ್ತ ಗಡ್ಡ ಬೋಳಿಸಿದ. ಅಮ್ಮ ಮೊದಲ ದಿನ ಬಂದು ಅರ್ಧ ಗಂಟೆ ನೋಡಿ, "ಎಷ್ಟು ತುಳಿದ್ರೂ ಅಲ್ಲೇ ಇರ್ತಾನಲ್ಲೇ, ಇದೇನ್ ಭಾಗ್ಯ!" ಎಂದು ಎದ್ದುಹೋದಳು.

ಅಲ್ಲೇ ಇದ್ದವನು ಸಮುದ್ರ ದಾಟಿದೆ. ಏಳನೆಯ ದಿನ ನಿನ್ನನ್ನು ನೋಡಿದ ಸರ್ಕಸ್ಸಿನವರು ಕರೆದುಕೊಂಡು ಹೋದರು, ಎರಡು ವರ್ಷಕ್ಕೆ ಹಡಗು ಹತ್ತಿಸಿದರು. ಆಫ್ರಿಕಾದಲ್ಲಿ ಸರ್ಕಸ್ಸೇ ದಿವಾಳಿಯೆದ್ದಾಗ ಮಿಕ್ಕವರೆಲ್ಲ ಅತ್ತುಕೊಂಡು ಊರಿಗೆ ಬಂದರಂತೆ. ನೀನು ಸಂಬಳದ ಬದಲು ಎರಡು ಸೈಕಲ್ ಕೇಳಿ ಇಸಕೊಂಡು ಕಿಸುಮು ಊರಿನ ಸಮುದ್ರದಂಥ ಕೆರೆಯ ದಡದಲ್ಲಿ, ಮರದ ಕೆಳಗೆ ಪಂಕ್ಚರ್ ಹಾಕಲು ಕೂತೆ. ನಮ್ಮ ಮನೆಯಲ್ಲಿ ವ್ಯಾಪಾರದ ಬುದ್ಧಿ ನನಗೊಬ್ಬಳಿಗೇ ಬಂದಿದೆ ಎಂದುಕೊಂಡಿದ್ದೆ. ಆ ದಿನ ಆ ಮಾತು ವಾಪಸು ತೆಗೆದುಕೊಂಡೆ. ಅಲ್ಲಿ ಸೈಕಲ್ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುತ್ತಾರೆ, ಕ್ಯಾರಿಯರ್ ಬಾಗಿಹೋಗುತ್ತದೆ ಎಂದು ನೀನು ಬರೆದಾಗ ಇಲ್ಲಿ ಕೂತೇ ನನಗೆ ಹೊಳೆಯಿತು. ಅಲ್ಲಿ ನಿನಗೆ ಹೊಳೆಯದೆ ಇರುತ್ತದೆಯೇ? ಎರಡು ಸರಳು, ಒಂದು ಮೆತ್ತೆ. ಈಗ ಅಂಗಡಿ ಮೂರು, ಕೆಲಸದವರು ಹದಿನಾಲ್ಕು. ನಿನ್ನ ಫೋಟೋ ನೋಡಿ ಕೋನಪ್ಪ, "ನನ್ನ ವೆಲ್ಡಿಂಗು ಆಫ್ರಿಕಾಕ್ಕೆ ಹೋಯ್ತು, ನಾನು ಚಿಂತಾಮಣಿ ದಾಟಲಿಲ್ಲ" ಎಂದು ಎಲ್ಲರಿಗೂ ಟೀ ಕುಡಿಸಿದ.

ಈಗ ವಿಷಯ. ಜನವರಿ ಇಪ್ಪತ್ತಾರಕ್ಕೆ ನಮ್ಮೂರಿನಿಂದ ಚಿಂತಾಮಣಿಗೆ ಹುಡುಗರು ಸೈಕಲ್ ರೇಸ್ ಇಟ್ಟಿದ್ದಾರೆ. ಬಾವುಟ ನೀನೇ ಬೀಸಬೇಕಂತೆ. ಅವರ ಕಾಗದಕ್ಕೆ ನೀನು "ಬಾವುಟ ಹಿಡಿಯುವ ಯೋಗ್ಯತೆ ನನಗಿಲ್ಲ, ಆ ಏಳು ದಿನಕ್ಕೆ ಊರು ಕೊಟ್ಟ ಷೀಲ್ಡನ್ನೂ ಮನೆಯಲ್ಲಿ ಇಡಬೇಡ ಎಂದು ಅಕ್ಕನಿಗೆ ಹೇಳಿ" ಎಂದು ಬರೆದೆಯಂತೆ. ಒಂಬತ್ತು ವರ್ಷದಲ್ಲಿ ನೀನು ಬಾರದ್ದಕ್ಕೆ ಹೇಳಿದ ಕಾರಣಗಳು ನನಗೆ ಬಾಯಿಪಾಠ: ಜ್ವರ ಎರಡು ಸಲ, ಹೊಸ ಅಂಗಡಿ ಮೂರು ಸಲ, ಮಳೆ ಒಂದು ಸಲ. ಮಳೆಗೂ ವಿಮಾನಕ್ಕೂ ಏನಪ್ಪ ಸಂಬಂಧ? ಪರದೇಶದ ಸೊಸೆಯನ್ನು ಕರೆತರಲು ಹಿಂಜರಿಯುತ್ತಿದ್ದಾನೆ ಎಂದು ಕೆಲವರು ಆಡಿಕೊಳ್ಳುತ್ತಾರೆ. ಅದಲ್ಲವೆಂದು ನನಗೆ ಗೊತ್ತು. ಅಮ್ಮ ಆಗಲೇ ಸೊಸೆಗೆ ಸೀರೆ ತೆಗೆದಿಟ್ಟಿದ್ದಾಳೆ, ನನ್ನ ಚರಕದ ನೂಲಿನದು. ನನ್ನನ್ನು ಕೇಳದೆಯೇ ನೂಲು ಎತ್ತಿಕೊಂಡು ಹೋಗಿ ನೇಯಿಸಿದ್ದಾಳೆ.

ಅಟಿಯೆನೊಗೂ ಮಗುವಿಗೂ ನಮ್ಮೆಲ್ಲರ ಆಶೀರ್ವಾದ. ನಿನ್ನ ಹ್ಯಾಂಡಲ್ ಯಾವತ್ತೂ ನೆಟ್ಟಗಿರಲಿ.

ನಿನ್ನ ಅಕ್ಕ,
ವರಲಕ್ಷ್ಮಮ್ಮ

ಮರೆತ ಮಾತಲ್ಲ, ಮುಂದೂಡಿದ ಮಾತು: ಟಪಾಲು ತೆಗೆಯುವ ಹೊತ್ತಾಯಿತು, ಆದರೂ ಬರೆಯುತ್ತೇನೆ. ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಹುಣಸೇಮರದ ತಿರುವಿನಲ್ಲಿ ನಿನಗೆ ಜೋಂಪು ಹತ್ತಿತು. ಸೈಕಲ್ ವಾಲಿತು. ನಿನ್ನ ಎಡಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿತು. ಯಾರೂ ನೋಡಲಿಲ್ಲ ಎಂದುಕೊಂಡು ಹನ್ನೊಂದು ವರ್ಷದಿಂದ ಅದನ್ನು ಹೊತ್ತುಕೊಂಡಿದ್ದೀಯ, ಊರಿಗೆ ಬಾರದಿರುವುದೂ ಅದಕ್ಕೇ. ನಾನು ಅಂಬಲಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ ಕಣೋ. ಮೇಷ್ಟ್ರೂ ನೋಡಿದರು. ಸೀಟಿ ಬಾಯಿಗೆ ಇಟ್ಟವರು ಅದನ್ನು ತೆಗೆದು, ಬೋಂಡದ ಶ್ಯಾಮಲಮ್ಮನ ಕಡೆ ತಿರುಗಿ, "ಬಿಸಿ ಇದಾವೇನಮ್ಮ? ಎರಡು ಕೊಡು" ಎಂದರು. ಆಮೇಲೆ ನನಗೆ, "ಕಾಲಿಗೂ ನೆಲಕ್ಕೂ ಏನೋ ಮಾತಿತ್ತು, ಆಡಿಕೊಂಡವು. ನಮಗ್ಯಾಕಮ್ಮ?" ಎಂದರು. ಶ್ಯಾಮಲಮ್ಮನೂ ನೋಡಿದ್ದಳು. ಅವಳಿಗೆ ಗೊತ್ತಾದದ್ದು ಊರಿಗೆ ಗೊತ್ತಾಗದೆ ಇರುತ್ತದೆಯೇ? ಸಂಜೆಗೆ ಎರಡರಷ್ಟು ಜನ ಸೇರಿದರು. ಆರನೆಯ ದಿನ ನಿನ್ನ ಅಂಗಿಯಲ್ಲಿ ಪಿನ್ ಚುಚ್ಚಲು ಜಾಗ ಇರಲಿಲ್ಲ, ನೆನಪಿದೆಯೇ? ಅವರೆಲ್ಲ ಗೊತ್ತಿದ್ದೇ ಚುಚ್ಚಿದ್ದು. ಕಾಲು ತಾಗಿದ ಮೇಲೂ ಎರಡು ದಿನ ತುಳಿಯುತ್ತಾನಲ್ಲ ಎಂದು ಚುಚ್ಚಿದ್ದು.

ಇನ್ನು ಯಾರಿಗೆ ಏನು ಸಿಕ್ಕಿತು ನೋಡು. ಮೇಷ್ಟ್ರಿಗೆ ಎರಡು ಬಿಸಿ ಬೋಂಡ. ಶ್ಯಾಮಲಮ್ಮನಿಗೆ ಎರಡು ದಿನದ ಭರ್ಜರಿ ವ್ಯಾಪಾರ. ಕಿಸುಮುವಿನವರಿಗೆ ಮುರಿಯದ ಕ್ಯಾರಿಯರ್. ನಿನಗೆ ಅಂಗಡಿ, ಹೆಂಡತಿ, ಮಗು. ನನಗೆ ಹೇಳಿಕೊಳ್ಳುವುದಕ್ಕೆ ಒಬ್ಬ ತಮ್ಮ. ಈ ಊರಿನ ನೆಲಕ್ಕೆ ನಿನ್ನ ಎಡಗಾಲಿನ ಹೆಬ್ಬೆರಳು, ಒಂದೇ ಸಲ.